ದೋಣಿ ಒಡೆದವಳು ನಾನಲ್ಲ

ನಮ್ಮ ಓನರ್ ಅಂಕಲ್ ಕಿವಿಗಳು ವರ್ಷಕ್ಕೆ ಎರಡು ಸಲ ಸಿಪ್ಪೆ ಬಿಡುತ್ತಿದ್ದವು. ಡಿಸೆಂಬರ್ ರಜೆ ಮುಗಿಸಿ ಬಂದಾಗ ಒಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ. ಕಿವಿಯ ಮೇಲಂಚು ಮೊದಲು ಟೊಮ್ಯಾಟೊ ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗಿ, ಕೊನೆಗೆ ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಏಳುತ್ತಿತ್ತು. ಜಯನಗರದಲ್ಲಿ ಯಾರ ಕಿವಿ ಹೀಗಾಗುತ್ತದೆ ಹೇಳಿ? ಹಾಲಿನ ಬೂತಿನ ಮುಂದೆ ನಿಂತವರು, "ಏನ್ ಸಾರ್, ಸ್ಕಿನ್ ಡಾಕ್ಟ್ರಿಗೆ ತೋರಿಸಿದ್ರಾ?" ಎಂದು ಕೇಳುತ್ತಿದ್ದರು. ಅಂಕಲ್‌ಗೆ ಆ ಪ್ರಶ್ನೆ ಎಂದರೆ ಎಲ್ಲಿಲ್ಲದ ಖುಷಿ. "ಕಾಯಿಲೆ ಅಲ್ಲ ಸ್ವಾಮಿ, ಸಮುದ್ರ!" ಎನ್ನುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಾವು ಕೆಳಗಡೆ ಬಾಡಿಗೆಗಿದ್ದೆವು, ಮೇಲೆ ಓನರ್ ಅಂಕಲ್ ಮತ್ತು ಆಂಟಿ, ಇಬ್ಬರೇ. ಅಂಕಲ್ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಟೂಲ್ ರೂಮ್ ನೋಡಿಕೊಳ್ಳುತ್ತಿದ್ದರು. ಬಸ್ಸು, ಕ್ಯಾಂಟೀನು, ಓವರ್‌ಟೈಮು, ಎಲ್ಲರ ಹಾಗೆಯೇ ಬದುಕು. ಆದರೆ ಕಾರವಾರದ ಕಡೆಯ ಒಂದು ಮೀನುಗಾರರ ಊರಿನಲ್ಲಿ, ಒಬ್ಬ ಅಜ್ಜನ ತೆಂಗಿನ ಹಿತ್ತಲಲ್ಲಿ, ಅವರದೊಂದು ದೋಣಿ ಇತ್ತು. ಹದಿನಾರಡಿಯ ಮರದ ಹಾಯಿದೋಣಿ, ನನಗಿಂತ ವಯಸ್ಸಾದದ್ದು. ಯಾರೋ ಬೇಡವೆಂದು ಹರಾಜಿಗೆ ಹಾಕಿದ್ದನ್ನು ಇವರು ತಂದು, ಬಿರುಕುಗಳಿಗೆ ಬಟ್ಟೆ ಮತ್ತು ಅಂಟು ಮೆತ್ತಿ, ಹಸಿರು ಬಣ್ಣ ಬಳಿದು ಇಟ್ಟುಕೊಂಡಿದ್ದರು. ಎಷ್ಟು ಮೆತ್ತಿದರೂ ಸೋರುತ್ತಿತ್ತು. "ಸ್ವಲ್ಪ ಸೋರ್ಬೇಕು ಕಣೇ, ಇಲ್ದಿದ್ರೆ ನಮಗೆ ನಿದ್ದೆ ಬಂದ್ಬಿಡತ್ತೆ" ಎನ್ನುವುದು ಅವರ ಸಮಾಧಾನ.

ನನಗೆ ಹಾಯಿ ನಡೆಸುವುದನ್ನು ಕಲಿಸಿದ್ದು ಅವರೇ, ಅದೂ ಟೆರೇಸಿನ ಮೇಲೆ. ನಾನಾಗ ಪಿಯುಸಿ ಓದುತ್ತಿದ್ದೆ. ಆಷಾಢದ ಗಾಳಿ ಬೀಸುವಾಗ ಹಳೆಯ ಮಂಚವೊಂದನ್ನು ಮೇಲೆ ಹೊತ್ತು ತಂದು, ಅದಕ್ಕೆ ಬಿದಿರು ಕಟ್ಟಿ, ಬಿದಿರಿಗೆ ತಮ್ಮ ಪಂಚೆ ಕಟ್ಟಿ, ನೆಲ ಒರೆಸುವ ಕೋಲನ್ನು ಚುಕ್ಕಾಣಿ ಎಂದು ನನ್ನ ಕೈಗೆ ಕೊಟ್ಟರು. "ಗಾಳೀನ ಕಣ್ಣಲ್ಲಿ ಹುಡುಕ್ಬೇಡ. ಕಿವೀಲಿ ನೋಡು. ಎರಡೂ ಕಿವೀಲಿ ಒಂದೇ ಸದ್ದು ಬಂತಾ, ಗಾಳಿ ನಿನ್ನ ಮೂಗಿನ ನೇರಕ್ಕಿದೆ ಅಂತ." ಎದುರು ಮನೆಯವರು ಬಟ್ಟೆ ಒಣಗಿಸುವುದು ಬಿಟ್ಟು ನಿಂತು ನಗುತ್ತಿದ್ದರು. ನಗಲಿ ಬಿಡಿ. ಎರಡು ತಿಂಗಳಲ್ಲಿ ಕಣ್ಣು ಮುಚ್ಚಿಕೊಂಡು ಗಾಳಿ ಯಾವ ಕಡೆಯದೆಂದು ಹೇಳುವುದನ್ನು ಕಲಿತೆ. ಈಗಲೂ ಹೇಳಬಲ್ಲೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಿಂತಾಗಲೂ ನನ್ನ ಕಿವಿ ಆ ಕೆಲಸ ಮಾಡುತ್ತಲೇ ಇರುತ್ತದೆ.

ಆಂಟಿಯೂ ಜೊತೆಗೆ ಬರುತ್ತಾರೆಂಬ ಧೈರ್ಯದ ಮೇಲೆ ಅಪ್ಪ ನನ್ನನ್ನು ಕಾರವಾರಕ್ಕೆ ಕಳಿಸಿದರು. ಹಾಯಿಯನ್ನು ಸುತ್ತಿ ಬಸ್ಸಿನ ಮೇಲೆ ಹಾಕುತ್ತಿದ್ದೆವು. ಕಂಡಕ್ಟರ್ ಅದೇನೆಂದು ಕೇಳಿದರೆ ಅಂಕಲ್ ಕಣ್ಣು ಮಿಟುಕಿಸದೆ, "ಶಾಮಿಯಾನ ಸಾರ್, ಅಣ್ಣನ ಮಗಳ ಮದುವೆ" ಎನ್ನುತ್ತಿದ್ದರು. ಅಣ್ಣನೂ ಇರಲಿಲ್ಲ, ಮಗಳೂ ಇರಲಿಲ್ಲ. ಸೆರಗು ಕಚ್ಚಿಕೊಂಡು ನಗುತ್ತಿದ್ದ ಆಂಟಿಯನ್ನು ನೋಡಿ ನಾನೂ ನಗುತ್ತಿದ್ದೆ. ಆ ಮನುಷ್ಯನಿಗೆ ಸುಳ್ಳು ಎಷ್ಟು ಸಲೀಸು ಎಂಬುದನ್ನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ, ದಡ್ಡಿ ನಾನು.

ಅಲ್ಲಿ ದಡದಿಂದ ಮೂರು ದ್ವೀಪಗಳು ಕಾಣುತ್ತಿದ್ದವು. ಹತ್ತಿರದ್ದು, ನಡುವಿನದು, ಮತ್ತು ದೀಪಸ್ತಂಭವಿದ್ದ ಹೊರಗಿನದು. ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿಯಲ್ಲಿ ಹೊರಟು, ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ತಿರುಗಿದ ಮೇಲೆ ವಾಪಸ್ಸು ಬರುವುದು ಕ್ರಮ. ಮೊದಲ ವರ್ಷ ಹತ್ತಿರದ ದ್ವೀಪಕ್ಕೆ ಹೋದಾಗ ದೋಣಿಯನ್ನು ನೀರಿನಂಚಿಗೆ ಕಟ್ಟಿ, ಆಂಟಿ ಕೊಟ್ಟ ಪುಳಿಯೋಗರೆ ತಿಂದು ಕಾಲು ಚಾಚಿ ಮಲಗಿದೆವು. ಎದ್ದು ನೋಡಿದರೆ ದೋಣಿ ಮರಳಿನ ಮೇಲೆ ಕೂತಿದೆ, ಸಮುದ್ರ ಎಲ್ಲೋ ಕೆಳಗಿದೆ! ಕೆರೆ ನೋಡಿಕೊಂಡು ಬೆಳೆದವರಿಗೆ ನೀರು ಇಳಿಯುತ್ತದೆ ಎಂಬುದೇ ತಲೆಗೆ ಹೊಳೆಯುವುದಿಲ್ಲ. ಮತ್ತೆ ನೀರು ಏರುವವರೆಗೂ ಅಲ್ಲೇ ಕೂತು ಬಿಸಿಲಿಗೆ ಬೆಂದೆವು. ನನ್ನ ಕಿವಿಯೂ ಸಿಪ್ಪೆ ಬಿಟ್ಟಿದ್ದು ಆ ವರ್ಷವೇ. ಕಾಲೇಜಿನಲ್ಲಿ ಕೂದಲು ಹಿಂದಕ್ಕೆ ಕಟ್ಟಿಕೊಂಡು ಎಲ್ಲರಿಗೂ ತೋರಿಸಿದ್ದೆ.

ಊರಿಗೆ ಮರಳಿದ ಮೇಲೆ ಹಾಯಿ ತೊಳೆಯುವ ಕೆಲಸ. ಉಪ್ಪು ಉಳಿದರೆ ಬಟ್ಟೆ ಕೊಳೆಯುತ್ತದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲವದು. ಬಿಂದಿಗೆಗಟ್ಟಲೆ ನೀರು ಹಾಯಿಗೆ ಸುರಿಯುವುದನ್ನು ನೋಡಿ ಆಂಟಿ, "ಸವತಿಗೆ ಸ್ನಾನ ಮಾಡಿಸ್ತಿದೀರಾ, ಮಾಡಿಸಿ" ಎಂದು ಗೊಣಗುತ್ತಿದ್ದರು. ಹಿಂಡಿದ ನೀರನ್ನು ನಾಲಿಗೆಗೆ ಮುಟ್ಟಿಸಿ ಉಪ್ಪು ಹೋಯಿತೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ಪಾಲಿಗೆ ಬಂದಿತ್ತು. "ನಿನ್ನ ನಾಲಗೆ ನಂಬ್ತೀನಿ ಕಣೇ" ಎನ್ನುತ್ತಿದ್ದರು ಅಂಕಲ್.

ಮೂರನೆಯ ವರ್ಷ ಅವರು ಮಾತು ಕೊಟ್ಟರು. "ಈ ಸಲ ನಡುವಿನದಕ್ಕೆ ನಾನು ನಡೆಸ್ತೀನಿ, ನೀನು ದಾರಿ ನೋಡ್ಕೊ. ಮುಂದಿನ ಸಲ ಹೊರಗಿನ ದ್ವೀಪಕ್ಕೆ ಚುಕ್ಕಾಣಿ ನಿಂದು. ದಡದಿಂದ ದಡಕ್ಕೆ, ನಾನು ಮುಟ್ಟಲ್ಲ." ನನಗೆ ಹತ್ತೊಂಬತ್ತು ವರ್ಷ. ಪರೀಕ್ಷೆ, ಮದುವೆ, ಕೆಲಸ ಎಂದು ಮನೆಯಲ್ಲಿ ನಡೆಯುತ್ತಿದ್ದ ಯಾವ ಮಾತೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಹೊರಗಿನ ದ್ವೀಪ ಒಂದೇ.

ಆ ಡಿಸೆಂಬರಿನಲ್ಲಿ ನಡುವಿನ ದ್ವೀಪದಿಂದ ಹಿಂತಿರುಗುವಾಗ ಗಾಳಿ ಚೆನ್ನಾಗಿತ್ತು. ಅಂಕಲ್ ಹಿಂದೆ ಚುಕ್ಕಾಣಿ ಹಿಡಿದಿದ್ದರು, ನಾನು ಮುಂದೆ ಚಿಕ್ಕ ಹಾಯಿಯ ಹಗ್ಗ ಹಿಡಿದು ಕೂತಿದ್ದೆ. ದ್ವೀಪದ ಬಾಲದಂಥ ತುದಿಯಲ್ಲಿ ಮುಳುಗಿದ ಬಂಡೆಯೊಂದಿದೆ. ಅದರ ಮೇಲೆ ನೀರು ಬೆಳ್ಳಗೆ ಒಡೆಯುತ್ತಿತ್ತು. "ಅಂಕಲ್, ಬಂಡೆ! ಎಡಕ್ಕೆ!" ಎಂದೆ. ಅವರು ಆ ಬಂಡೆಯನ್ನೇ ನೆಟ್ಟಗೆ ನೋಡುತ್ತಾ, "ಎಲ್ಲೇ?" ಎಂದರು. "ಅಲ್ಲೇ, ಎದುರಿಗೇ!" "ಎಲ್ಲೇ ಮಾರಾಯ್ತಿ?" ಎನ್ನುವಷ್ಟರಲ್ಲಿ ದೋಣಿ ಹೋಗಿ ಬಡಿಯಿತು. ಎರಡು ಹಲಗೆ ಮುರಿದು ನೀರು ನುಗ್ಗಿತು. ಅಲ್ಲೇ ಬಲೆ ಎಳೆಯುತ್ತಿದ್ದ ಮೀನುಗಾರರು ಬಂದು ನಮ್ಮನ್ನು ಹತ್ತಿಸಿಕೊಂಡು, ಅರ್ಧ ಮುಳುಗಿದ ದೋಣಿಯನ್ನು ಹಿಂದೆ ಕಟ್ಟಿಕೊಂಡರು.

ಅವರ ದೋಣಿಯಲ್ಲಿ ಅಂಕಲ್ ಮೊಣಕಾಲಿನ ಮೇಲೆ ತಲೆಯಿಟ್ಟು ಕೂತಿದ್ದರು. ಮೋಟಾರಿನ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ನೀನು ಕೂಗಿದ್ದು ಕೇಳಿಸ್ತು ಕಣೇ. ಬಂಡೆ ಕಾಣ್ಲಿಲ್ಲ. ಈಚೀಚೆಗೆ ಏನೂ ಸರಿಯಾಗಿ ಕಾಣಲ್ಲ." ಆ ವರ್ಷವೆಲ್ಲ ಬಸ್‌ಸ್ಟಾಪಿನಲ್ಲಿ ಬೋರ್ಡು ಓದಲು ನನಗೇ ಹೇಳುತ್ತಿದ್ದದ್ದು ನೆನಪಾಯಿತು. ಅವರ ಕೈ ಹಿಡಿದುಕೊಂಡು, "ಪರವಾಗಿಲ್ಲ ಅಂಕಲ್, ಯಾರಿಗೂ ಏಟಾಗಿಲ್ಲವಲ್ಲ" ಎಂದೆ. ಅಷ್ಟು ಪ್ರೀತಿ ಇತ್ತು ನನಗೆ ಆ ಮನುಷ್ಯನ ಮೇಲೆ.

ದಡದಲ್ಲಿ ಆಂಟಿ ಓಡಿಬಂದರು, ದೋಣಿ ಕಾಯುವ ಅಜ್ಜ ಬಂದ, ಅರ್ಧ ಊರು ಸೇರಿತು. ಅಜ್ಜ ಮುರಿದ ಹಲಗೆಯನ್ನು ಸವರುತ್ತಾ, "ಚುಕ್ಕಾಣಿ ಯಾರ ಕೈಯಾಗೆ ಇತ್ತು?" ಎಂದ. ಅಂಕಲ್ ಒಂದು ಕ್ಷಣ ನನ್ನ ಕಡೆ ತಿರುಗಿದರು. ಆಮೇಲೆ ಹೇಳಿದರು.

"ಹುಡುಗಿ ಕೈಗೆ ಕೊಟ್ಟಿದ್ದೆ. ತಪ್ಪು ನಂದೇ. ಯಾರೂ ಅವಳನ್ನ ಬೈಬೇಡಿ."

ಎಂಥ ದೊಡ್ಡ ಮನಸ್ಸು ನೋಡಿ! ಊರಿಗೆ ಊರೇ ತಲೆದೂಗಿತು. ಆಂಟಿ ಬಂದು ನನ್ನ ತಲೆ ಸವರಿ, "ಹೋಗ್ಲಿ ಬಿಡು ಪುಟ್ಟಿ" ಎಂದರು. ಗಾಬರಿಯಲ್ಲಿ ಏನೋ ಅಂದಿದ್ದಾರೆ, ಸಂಜೆ ಸರಿಮಾಡುತ್ತಾರೆ ಎಂದುಕೊಂಡೆ. ಸಂಜೆ ಮಾಡಲಿಲ್ಲ. ಬಸ್ಸಿನಲ್ಲಿ ಮಾಡಲಿಲ್ಲ. ಮನೆಗೆ ಬಂದ ಮೇಲೆ ನಮ್ಮಪ್ಪನ ಹೆಗಲ ಮೇಲೆ ಕೈಯಿಟ್ಟು, "ಕಲಿಯೋವಾಗ ಆಗತ್ತೆ ಸಾರ್, ನೀವೂ ಬೈಬೇಡಿ" ಎಂದರು. ಅಪ್ಪ ಕೈಮುಗಿದು ಕ್ಷಮೆ ಕೇಳಿದರು. ನನ್ನ ಅಪ್ಪ, ಮಾಡದ ತಪ್ಪಿಗೆ! ಆಮೇಲೆ ಬಚ್ಚಲ ನಲ್ಲಿ ಕೆಟ್ಟು ತಿಂಗಳಾದರೂ ಓನರ್‌ಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅಮ್ಮನಿಗೆ ನಿಜ ಹೇಳಿದೆ. "ಅವರೇ ಒಂದು ಮಾತೂ ಅಂದಿಲ್ಲ, ನೀನ್ಯಾಕೆ ಅವರ ಮೇಲೆ ಹಾಕ್ತೀಯ? ನಾಚಿಕೆ ಆಗಲ್ವಾ?" ಎಂದರು ಅಮ್ಮ. ಅಂಕಲ್ ನನ್ನನ್ನು ಕ್ಷಮಿಸಿದ್ದೇ ನನಗೆ ಮುಳುವಾಯಿತು. ಬೈದಿದ್ದರೆ ಯಾರಾದರೂ ನನ್ನ ಪರ ನಿಲ್ಲುತ್ತಿದ್ದರೇನೋ.

ಟೆರೇಸಿನಲ್ಲಿ ಹಾಯಿ ತೊಳೆಯುವಾಗ ಕೇಳಿಯೇಬಿಟ್ಟೆ. "ಯಾಕಂಕಲ್ ಹಾಗೆ ಹೇಳಿದ್ರಿ?"

ಅವರು ಹಾಯಿ ಹಿಂಡುವುದನ್ನು ನಿಲ್ಲಿಸಲಿಲ್ಲ. "ಕಣ್ಣಿನ ನರದ್ದು ಕಣೇ, ವಾಸಿ ಆಗಲ್ವಂತೆ. ಗೊತ್ತಾದ್ರೆ ಆ ಅಜ್ಜ ನನ್ನ ಇನ್ನು ದೋಣಿ ಹತ್ತಕ್ಕೆ ಬಿಡಲ್ಲ. ಇವಳೂ ಬಿಡಲ್ಲ. ನಿಂಗಿನ್ನೂ ವಯಸ್ಸಿದೆ. ಒಂದು ವರ್ಷ ಸುಮ್ನಿರು. ಹೊರಗಿನ ದ್ವೀಪಕ್ಕೆ ನೀನೇ ಕರ್ಕೊಂಡು ಹೋಗು. ಬಂದ ಮೇಲೆ ನಾನೇ ಎಲ್ರಿಗೂ ಹೇಳ್ತೀನಿ."

ಒಂದು ವರ್ಷ ಸುಮ್ಮನಿದ್ದೆ. ಬೀದಿಯಲ್ಲಿ ನನ್ನನ್ನು "ದೋಣಿ ಮುಳುಗಿಸಿದೋಳು" ಎಂದು ರೇಗಿಸಿದಾಗಲೂ ಸುಮ್ಮನಿದ್ದೆ. ಹಲಗೆಗಳು ಹೊಸದಾದವು, ಬಣ್ಣ ಬಿತ್ತು, ಡಿಸೆಂಬರ್ ಬಂತು. ನಾನು ಬಟ್ಟೆ ತುಂಬಿಕೊಂಡು ಚೀಲ ರೆಡಿ ಮಾಡಿದ್ದೆ. ಅಂಕಲ್ ಮೆಟ್ಟಿಲ ಮೇಲೆ ನಿಂತು ಹೇಳಿದರು. "ಅಜ್ಜ ಕಾಗದ ಬರೆಸಿದಾನೆ ಕಣೇ. ದೋಣಿ ಒಡೆದ ಹುಡುಗಿ ಬಂದ್ರೆ ನೀರಿಗೆ ಇಳಿಸೋಕೆ ಬಿಡಲ್ವಂತೆ. ನಾನೇನ್ಮಾಡ್ಲಿ?"

ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒಂದೇ ಒಂದು ಮಾತು ಬರೆದರೆ ಸಾಕಿತ್ತು. ಅವರು ಬರೆಯಲಿಲ್ಲ. ಕಾರ್ಖಾನೆಯ ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋದರು. ಈಜು ಬಂದರೂ ಹಾಯಿಯ ಗಂಧಗಾಳಿ ಇಲ್ಲದ ಮನುಷ್ಯ ಆತ. ಹೊರಗಿನ ದ್ವೀಪಕ್ಕೆ ಆತನ ಕೈಯಲ್ಲೇ ಚುಕ್ಕಾಣಿ ಹಿಡಿಸಿ ಹೋಗಿ ಬಂದರು. ದೀಪಸ್ತಂಭದ ಕೆಳಗೆ ಇಬ್ಬರೂ ನಿಂತ ಫೋಟೊ ಅವರ ಹಾಲಿನ ಗೋಡೆಗೆ ಬಂತು. ಹಾಯಿ ತೊಳೆಯಲು ನನ್ನನ್ನು ಕರೆದರು. ಹೋಗಲಿಲ್ಲ. ಕೆಳಗೆ ಕೋಣೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಬೇರೆ ಯಾರು ಕೈಕೊಟ್ಟಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ನಾವು ಅರೆಕೆರೆಯ ಕಡೆ ಸ್ವಂತ ಮನೆಗೆ ಹೋದೆವು. ನಾನು ಕೆಲಸಕ್ಕೆ ಸೇರಿದೆ. ನನ್ನ ಮದುವೆಯ ಕಾಗದ ಕೊಡಲು ಹೋದಾಗ ಅಂಕಲ್‌ಗೆ ಮುಖಗಳು ಗುರುತಾಗುತ್ತಿರಲಿಲ್ಲ. ಧ್ವನಿ ಹಿಡಿದು, "ಬಂದ್ಯಾ, ದೋಣಿ ಒಡೆದೋಳೇ!" ಎಂದು ಬಾಯ್ತುಂಬ ನಕ್ಕರು. ಆ ನಗುವಿನಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಹೇಳಿ ಹೇಳಿ ಅವರಿಗೇ ಅದು ನಿಜವಾಗಿಬಿಟ್ಟಿತ್ತು. ಜೊತೆಗೆ ಬಂದಿದ್ದ ನನ್ನ ಗಂಡನಾಗುವವರಿಗೆ ಇಡೀ ಕಥೆ ಹೇಳಿದರು, ಬಂಡೆಯ ಮೇಲೆ ನೀರು ಬೆಳ್ಳಗೆ ಒಡೆಯುತ್ತಿದ್ದುದನ್ನೂ ಸೇರಿಸಿ. ಅದನ್ನು ನೋಡಿದ್ದವಳು ನಾನು.

ಎರಡು ಸಾವಿರದ ದಶಕದ ನಡುವಿನ ಒಂದು ಮಾರ್ಚಿನಲ್ಲಿ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋದೆ. ಹೋಗದಿರಲು ಆಗಲಿಲ್ಲ. ಗಾಳಿಯ ಸದ್ದು ಕೇಳುವುದನ್ನು ನನಗೆ ಇನ್ಯಾರು ಕಲಿಸಿದರು? ಆ ಮೂರು ಚಳಿಗಾಲಗಳಷ್ಟು ಸುಖ ನನಗೆ ಮತ್ತೆ ಸಿಕ್ಕಿಲ್ಲ, ಆ ಋಣ ಸುಳ್ಳಲ್ಲ. ಊಟದ ಪಂಕ್ತಿಯಲ್ಲಿ ಆಂಟಿ ಬಂಧುಗಳಿಗೆಲ್ಲ ನನ್ನನ್ನು ತೋರಿಸಿದರು. "ಇವಳೇ ಕಣ್ರೀ, ದೋಣಿ ಬಂಡೆಗೆ ಹೊಡೆದೋಳು. ಒಂದಿನ ಒಂದು ಮಾತು ಅಂದೋರಲ್ಲ ಅವರು." ಎಲ್ಲರೂ ನನ್ನತ್ತ ನೋಡಿ ಮುಗುಳ್ನಕ್ಕರು.

ಊಟವಾದ ಮೇಲೆ ತಾಂಬೂಲ ಕೊಡಲು ಆಂಟಿ ಅಡುಗೆಮನೆಗೆ ಕರೆದರು. ಇಬ್ಬರೇ ಇದ್ದೆವು.

"ಆಂಟಿ, ಅವತ್ತು ಚುಕ್ಕಾಣಿ ಅಂಕಲ್ ಕೈಲಿತ್ತು. ನನ್ನ ಕೈಲಲ್ಲ."

ಅವರು ಎಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಹೇಳಿದರು. "ಗೊತ್ತು ಕಣೇ. ಅವತ್ತು ಬಸ್ಸಲ್ಲೇ, ನಿಂಗೆ ನಿದ್ದೆ ಬಂದ್ಮೇಲೆ ಹೇಳಿದ್ರು ನಂಗೆ."

"ಗೊತ್ತಿತ್ತಾ? ಮತ್ತೆ ಈಗ ತಾನೇ ಎಲ್ರ ಮುಂದೆ..."

"ಹೋದೋರ ಹೆಸರು ಯಾಕೆ ಕೆಡಿಸೋದು ಪುಟ್ಟಿ? ಚಿಕ್ಕೋಳು ನೀನು, ನಿಂಗೇನು ನಷ್ಟ ಅಂದ್ಕೊಂಡ್ವಿ. ಓದಿದೆ, ಕೆಲ್ಸ ಸಿಕ್ತು, ಒಳ್ಳೇ ಮನೆ ಸೇರಿದೆ. ಏನ್ ಹೋಯ್ತು ಹೇಳು ನಿಂದು?"

"ಆ ದ್ವೀಪಕ್ಕೆ ನಾನು ಹೋಗ್ಲೇ ಇಲ್ಲ ಆಂಟಿ."

ಆಂಟಿ ತಲೆಯೆತ್ತಿ ನನ್ನನ್ನು ನೋಡಿದರು. "ಯಾವ ದ್ವೀಪ?" ಎಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.