ಭಾಗವ್ವನ ಮನ್ಯಾರು

ಗೋವಾದ ಜುವಾರಿ ಸೇತುವೆಯನ್ನು ಮೊದಲ ಬಸ್ಸು ದಾಟುವ ಹೊತ್ತಿಗೆ ಭಾಗವ್ವ ಸೀರೆ ಎತ್ತಿ ಕಟ್ಟಿ ಗಟಾರಕ್ಕೆ ಇಳಿದಿರುತ್ತಾಳೆ. ಕೊರ್ತಾಲಿಮ್ ಆಸುಪಾಸಿನ ಪಂಚಾಯಿತಿಯೊಂದರಲ್ಲಿ ಮಳೆಗಾಲಕ್ಕೆ ಮುಂಚೆ ಗಟಾರ ತೆಗೆಯುವುದು ಅವಳ ಕೆಲಸ. ಸಲಿಕೆಯಿಂದ ಕೆಸರು ಎತ್ತಿ ದಂಡೆಗೆ ಒಗೆಯುತ್ತಾಳೆ. ಬಸ್ಸು ನಿಂತ ಸದ್ದಾದರೆ ಕತ್ತೆತ್ತಿ ಇಳಿಯುವವರನ್ನೆಲ್ಲ ನೋಡುತ್ತಾಳೆ, ಮತ್ತೆ ಬಗ್ಗುತ್ತಾಳೆ. ಯಾರನ್ನು ಹುಡುಕುತ್ತೀ ಎಂದರೆ, "ನಮ್ಮ ಮನ್ಯಾರು ಬರೋರದಾರ್ರಿ" ಎನ್ನುತ್ತಾಳೆ.

ಮನ್ಯಾರು ಎಂದರೆ ಮನೆಯವರು, ಗಂಡ. ಭಾಗವ್ವನಂತೆ ಇಲ್ಲಿಗೆ ದುಡಿಯಲು ಬಂದ ವಿಜಾಪುರದ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಆತನ ಆಯುಷ್ಯ ಸವೆಯುತ್ತದೆ ಎಂಬ ಅಂಜಿಕೆ. ಈ ಅಂಜಿಕೆ ಗೋವಾದ ಸರಕಾರಿ ಲೆಕ್ಕವನ್ನೇ ಪೇಚಿಗೆ ಸಿಕ್ಕಿಸಿತು ಎಂದರೆ ನೀವು ನಗುತ್ತೀರಿ. ಆ ಪಂಚಾಯಿತಿಯ ಕಾರ್ಯದರ್ಶಿಯಾಗಿದ್ದ ಇನಾಸ್ ಅವರಿಗೆ ಮಾತ್ರ ನಗು ಬರಲಿಲ್ಲ.

ಆಗ ಗಂಡ ಹೆಂಡತಿ ಕೂಡಿಯೇ ಗಟಾರಕ್ಕಿಳಿಯುತ್ತಿದ್ದ ಕಾಲ. ಶನಿವಾರ ಗಂಡನ ಪಗಾರವನ್ನೂ ಹೆಂಡತಿಯೇ ಹೆಬ್ಬೆಟ್ಟು ಒತ್ತಿ ತರುತ್ತಿದ್ದಳು. ಕೊಂಕಣಿ ಬಿಟ್ಟು ಬೇರೇನೂ ತಿಳಿಯದ ಗುಮಾಸ್ತ "ನಾಂವ್?" ಎಂದು ಗಂಡನ ಹೆಸರು ಕೇಳಿದರೆ ಒಬ್ಬೊಬ್ಬಳೂ ನಾಚಿಕೊಂಡು "ನಮ್ಮ ಮನ್ಯಾರು" ಎಂದಳು. ಪುಣ್ಯಾತ್ಮ ಅದನ್ನೇ ಬರೆದುಕೊಂಡ. ಹಾಜರಿ ಪಟ್ಟಿಯ ತುಂಬ ಮನ್ಯಾರು, ಮನ್ಯಾರು, ಮನ್ಯಾರು! ಕೆಲವು ವರ್ಷಗಳ ಮೇಲೆ ಲೆಕ್ಕ ತಪಾಸಣೆಗೆ ಬಂದವರು ಇದನ್ನು ಕಂಡು, ಇಂಥ ಮನುಷ್ಯರೇ ಇಲ್ಲ, ದುಡ್ಡು ನುಂಗಲು ಹುಟ್ಟಿಸಿದ ಹೆಸರುಗಳು ಎಂದು ಷರಾ ಬರೆದರು. ಅಷ್ಟೂ ಕೂಲಿಯನ್ನು ಇನಾಸ್ ಅವರಿಂದಲೇ ವಸೂಲು ಮಾಡಬೇಕೆಂದಾಯಿತು. ಅಷ್ಟೊತ್ತಿಗೆ ನಿವೃತ್ತರಾಗಿದ್ದ ಅವರ ಪಿಂಚಣಿ ನಿಂತುಹೋಯಿತು.

ಇನಾಸ್ ಸಾಕ್ಷಿಗಾಗಿ ಭಾಗವ್ವನ ಬಾಗಿಲಿಗೆ ಬಂದಾಗ ಆಕೆಯ ಗಂಡ ಊರಲ್ಲಿರಲಿಲ್ಲ. ಮ್ಹಾಪಸಾದಲ್ಲಿ ಕಟ್ಟಡದ ಕೆಲಸವಿದೆ, ಸಂತೆಯ ದಿನ ಬರುತ್ತೇನೆ ಎಂದು ಹೋದವನು ಆತ. ಸಂತೆಗಳು ಬಂದು ಹೋದವು, ಆತ ಬರಲಿಲ್ಲ. ಭಾಗವ್ವ ಎಷ್ಟೋ ಶುಕ್ರವಾರ ಮ್ಹಾಪಸಾದ ಸಂತೆಯಲ್ಲಿ ಒಬ್ಬಳೇ ಅಲೆದು, ಬರಿಗೈಲಿ ಮರಳಿದ್ದಾಳೆ.

"ಎಲ್ಲ್ಯರ ಇರ್ಲಿ, ಅದಾರ ಅಂತನ ನಾ ಕುಂಕುಮ ಹಚ್ಕೊಳ್ಳಾಕತ್ತೇನಿ. ಇವ್ರು ಕಾಗದದಾಗ ಅಂಥಾ ಮನಷ್ಯಾನ ಇಲ್ಲ ಅಂತ ಬರದ್ರ ಹ್ಯಾಂಗ್ರಿ?" ಎಂದು ಭಾಗವ್ವ ಈಗಲೂ ಕೇಳುತ್ತಾಳೆ.

ಹೆಸರು ಹೇಳಿದರೆ ಆಯುಷ್ಯಕ್ಕೆ ಕೇಡು, ಹೇಳದಿದ್ದರೆ ಗಂಡ ಸರಕಾರದ ಲೆಕ್ಕಕ್ಕೇ ಇಲ್ಲ. ದಾರಿ ತೋರಿಸಿದವಳು ಜೊತೆಗೆ ದುಡಿಯುವ ರಮಜಾನಬಿ. "ಒಡಪು ಹಾಕಿ ಹೇಳವಾ. ಲಗ್ನದಾಗ ಹೇಳಿದ್ದಿಲ್ಲೇನ?" ಲಗ್ನದಲ್ಲಿ ಹಿರಿಯರು ಬಾಗಿಲು ಅಡ್ಡಗಟ್ಟಿದಾಗ ಗಂಡನ ಹೆಸರನ್ನು ಪದದಲ್ಲಿ ಪೋಣಿಸಿ ಹೇಳುವುದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ.

ವಿಚಾರಣೆ ನಡೆದದ್ದು ಪಣಜಿಯಲ್ಲಿ. ಸಾಹೇಬರ ಮಾತನ್ನು ಕನ್ನಡಕ್ಕೆ ತಿರುಗಿಸಲು ಕಚೇರಿಯ ಡ್ರೈವರ್ ಇಲಿಯಾಸನನ್ನು ಕರೆಸಿದ್ದರು. ಈ ಮನ್ಯಾರ ಎಂಬವನ ಖರೇ ಹೆಸರೇನು ಎಂದು ಕೇಳಿದ್ದೇ ತಡ, ಭಾಗವ್ವ ತಲೆಯ ಮೇಲೆ ಸೆರಗು ಹೊದ್ದು ಎದ್ದು ನಿಂತಳು:

"ಹೊಳಿ ದಾಟಿ ಬಂದೇನಿ, ಹೂವ ಮುಡದ ನಿಂತೇನಿ,
ಹೊಳೆಪ್ಪನವರ ಹೆಸರಾ ಹಿರ್ಯಾರ ಮುಂದ ಅಂತೇನಿ."

ಇಲಿಯಾಸ ನಗುತ್ತಲೇ ಅರ್ಥ ಹೇಳತೊಡಗಿದ. ಅರ್ಧಕ್ಕೆ ಬಂದಾಗ, ಇದು ಬರೀ ಪದವಲ್ಲ, ಸಾಕ್ಷಿ ಎಂದು ಹೊಳೆದು ಅವನ ನಗು ನಿಂತಿತು. ಆಮೇಲೆ ಭಾಗವ್ವ ಕನ್ನಡದ ಕೂಲಿಗಳು ನೆಲೆಸಿದ ಮಂಗೋರ್ ಹಿಲ್ಲಿನ ಗಲ್ಲಿಗಲ್ಲಿ ತಿರುಗಿ, ಉಳಿದ ಹೆಂಗಸರನ್ನೂ ಪುಸಲಾಯಿಸಿ ಕರೆತಂದಳು. ಒಬ್ಬೊಬ್ಬಳೂ ಒಡಪು ಹಾಕಿದಳು, ಪಟ್ಟಿಯ ಒಬ್ಬೊಬ್ಬ ಮನ್ಯಾರನಿಗೂ ಹೆಸರು ಬಂತು. ಹಾಜರಿ ಪಟ್ಟಿಯ ಹೆಬ್ಬೆಟ್ಟುಗಳೂ ಅವರವೇ ಎಂದು ತಾಳೆಯಾಯಿತು, ವಸೂಲಿ ರದ್ದಾಯಿತು. ಇನಾಸ್ ಈಗ ಪ್ರತಿ ನಾತಾಳಿಗೆ, ಅಂದರೆ ಕ್ರಿಸ್‌ಮಸ್ಸಿಗೆ, ದೊದೋಲ್ ಸಿಹಿ ತಂದುಕೊಡುತ್ತಾರೆ. ಭಾಗವ್ವ ಅದರಲ್ಲೊಂದು ಪಾಲು ಗಂಡನಿಗೆಂದು ಎತ್ತಿಡುತ್ತಾಳೆ.

ಆ ದಿನದ ಒಂದು ಸಂಗತಿಯನ್ನು ಮಾತ್ರ ಅವಳು ದನಿ ತಗ್ಗಿಸಿ ಹೇಳುತ್ತಾಳೆ. "ಸಾಹೇಬ್ರು ಬರ್ಕೊಳ್ಳಾಕ ಇನ್ನೊಮ್ಮಿ ಹೇಳು ಅಂದ್ರ್ರಿ. ಆವಾಗ ಒಡಪು ಬರ್ಲಿಲ್ಲ, ಬರೇ ಹೆಸರ ಬಂದಬಿಡ್ತು ಬಾಯಾಗ. ಜೋರ ಬಂತ್ರಿ, ಕರದಂಗ."

ಅಂಜಿಕೆಯಾಗಲಿಲ್ಲವೇ?

"ಭಾಳ ಆತ್ರಿ. ಆದ್ರ ಎಲ್ಲಿದ್ರೂ ಓ ಅಂತಾರೇನೋ ಅಂತ ಕಿವಿಗೊಟ್ಟು ನಿಂತಿದ್ನಿ."

ರಸ್ತೆಯಲ್ಲಿ ಬಸ್ಸು ನಿಲ್ಲುತ್ತದೆ. ಭಾಗವ್ವ ಕತ್ತೆತ್ತಿ ಕಡೆಯ ಮನುಷ್ಯ ಇಳಿಯುವವರೆಗೂ ನೋಡಿ, ಸಲಿಕೆ ಹಿಡಿಯುತ್ತಾಳೆ.

"ಅದಾರ ಅಂತ ಸರಕಾರ ಬರಕೊಟ್ಟೈತ್ರಿ. ಇನ್ನ ಅವ್ರು ಬಂದ್ರ ಆತು."