ಬಾಗಿಲಿಗೆ ಕುಯ್ದ ಹಲಸು

ಆಚಾರ್ರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದವೆಲ್ಲ ಸವೆದು ಮೊಂಡಾಗಿದ್ದವು; ಅದೊಂದು ಎತ್ತಿನ ಕೊಂಬಿನ ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ಮುಂದೆ ಚಾಚಿಕೊಂಡಿತ್ತು. ಎಲ್ಲಿ ಮರ ಕಂಡರೂ ಅದನ್ನು ಊರಿ ಒತ್ತುತ್ತಿದ್ದರು. ನಮ್ಮ ಜಗಲಿಯ ಕಂಬಕ್ಕೆ ಒತ್ತುತ್ತಿದ್ದರು, ಯಾರದೋ ಮನೆಯ ಬೆಂಚಿಗೆ ಒತ್ತುತ್ತಿದ್ದರು. ನಾನು ಮೈಸೂರಿನಿಂದ ತಂದ ಓದುವ ಮೇಜಿಗೂ ಒತ್ತಿ, "ಹಣ್ಣಿನ ಪೆಟ್ಟಿಗೆ ಮರ" ಎಂದು ಮುಖ ತಿರುಗಿಸಿದ್ದರು. ಮೇಜು ಹೊಸದು. ನನಗೆ ಬಹಳ ಸಿಟ್ಟು ಬಂದಿತ್ತು.

ಬಿಳಿಗೆರೆಗೆ ಹತ್ತಿರದ ನಮ್ಮ ಊರಿಗೆ ಅವರೊಬ್ಬರೇ ಬಡಗಿ. ಎಲ್ಲರಿಗೂ ಆಚಾರ್ರು. ನಾನು ಎಂ.ಎ. ಮುಗಿಸಿ ತಿಪಟೂರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ವರ್ಷ ಅವರಿಂದ ನನಗೆ ಬೇಕಾಗಿದ್ದದ್ದು ಒಂದು ಬಾಗಿಲು, ಅಷ್ಟೆ.

ಮನೆಯಲ್ಲಿ ನನಗೆ ಬಿಟ್ಟುಕೊಟ್ಟದ್ದು ಮೊದಲು ತೆಂಗಿನಕಾಯಿ ಸುರಿಯುತ್ತಿದ್ದ ಕೋಣೆ. ಕಾಯಿಗೆ ಬಾಗಿಲು ಬೇಕಿರಲಿಲ್ಲ, ಆದ್ದರಿಂದ ಇರಲೂ ಇಲ್ಲ. ಅಮ್ಮ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದ್ದಳು. ಪರದೆಯನ್ನು ಯಾರು ಬೇಕಾದರೂ ಎತ್ತಬಹುದು, ಎತ್ತುತ್ತಿದ್ದರು. ಅಟ್ಟಕ್ಕೆ ಹತ್ತುವ ಏಣಿಯೂ ಅಲ್ಲೇ ಇದ್ದದ್ದರಿಂದ ನಾನು ತಲೆ ಬಾಚುತ್ತಿದ್ದರೂ ಆಳುಗಳು ಬಂದು ಹೋಗುತ್ತಿದ್ದರು. ಉತ್ತರಪತ್ರಿಕೆ ತಿದ್ದಲು ಕೂತರೆ ಬಂದ ನೆಂಟರು ಚಾಪೆಯ ಮೇಲೆ ಎಲೆಯಡಿಕೆ ಹಾಕುತ್ತ ನನ್ನನ್ನೇ ನೋಡುತ್ತಿದ್ದರು. ಏಣಿಯನ್ನು ಹಜಾರಕ್ಕೆ ಸಾಗಿಸಿದೆ. ಬಾಗಿಲಿನ ಮಾತೆತ್ತಿದಾಗ ಅಪ್ಪ, "ಆಚಾರಿಗೆ ಹೇಳು" ಎಂದರು. ನಾನು ಹೇಳಿದೆ. ಅಲ್ಲಿಂದ ಶುರುವಾಯಿತು.

ಅಟ್ಟದಲ್ಲಿದ್ದ ಬೇವಿನ ಹಲಗೆ ಕೆಳಗಿಳಿಸಿದೆವು. "ಎಳೇದು ಕಣವ್ವ. ಒಣಗ್ತಾ ಒಣಗ್ತಾ ತಿರುಚ್ಕೊಳ್ತೈತೆ." ಮಾವು ತೋರಿಸಿದರೆ, "ಹುಳಕ್ಕೆ ಹಬ್ಬ." ತೋಟದಲ್ಲಿ ಒಣಗಿ ಬಿದ್ದ ತೆಂಗೇ ಇದೆಯಲ್ಲ ಎಂದೆ. ನಕ್ಕೇಬಿಟ್ಟರು.

"ಹೊರಗೆ ಕಬ್ಬಿಣ, ಒಳಗೆ ಹಿಟ್ಟು. ತೊಲೆಗೆ ಸೈ. ಬಾಗ್ಲಿಗೆ ಕಚ್ಚು ಹೊಡುದ್ರೆ ಉದುರೋಗ್ತೈತೆ. ನಿನ್ ಎಮ್ಮೇ ಓದ್ನಾಗೆ ಇದ್ನ ಹೇಳ್ಕೊಡ್ನಿಲ್ವಾ?"

"ನಾನು ಓದಿದ್ದು ಚರಿತ್ರೆ, ಆಚಾರ್ರೇ."

"ಮರಕ್ಕೂ ಚರಿತ್ರೆ ಇಲ್ವಾ ಮತ್ತೆ!"

ತಿಪಟೂರಿನ ಸಾಮಿಲ್ಲಿನಿಂದ ತೇಗ ತರಿಸೋಣವೆಂದರೆ ಅದಕ್ಕೂ ತಕರಾರು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಬಾಗಿಲಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಸಾಮಿಲ್ಲಿನ ಹಲಗೆಗೆ ಬುಡ ಯಾವುದು ತುದಿ ಯಾವುದು ಎಂದು ಯಾರು ಹೇಳುತ್ತಾರೆ? "ತಲೆಕೆಳಗಾದ ಮರ ಒಂದಲ್ಲ ಒಂದಿನ ಮುನುಸ್ಕೊಳ್ತೈತೆ." ನಮ್ಮ ಕಾಲೇಜಿನ ಬಾಗಿಲುಗಳೆಲ್ಲ ಸಾಮಿಲ್ಲಿನ ಮರದವೇ. ಅವು ವರ್ಷಗಳಿಂದ ಯಾವ ಮುನಿಸೂ ಇಲ್ಲದೆ ತೆರೆದು ಮುಚ್ಚಿಕೊಂಡಿದ್ದವು. ಅದನ್ನು ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಗಾಳಿಗೆ ನಮ್ಮ ಹಿತ್ತಿಲ ಹಲಸು ಉರುಳಿತು. ಆಚಾರ್ರು ಮರದ ಒಂದು ತುದಿಗೆ ಕಿವಿ ಹಚ್ಚಿ ಕೂತು, ಇನ್ನೊಂದು ತುದಿಯಲ್ಲಿ ನನ್ನ ಕೈಗೆ ಕಲ್ಲು ಕೊಟ್ಟರು. "ಮೆಲ್ಲುಕ್ ಹೊಡಿಯವ್ವ." ಕಣ್ಣು ಮುಚ್ಚಿ ಆಲಿಸಿದರು. "ಪೊಳ್ಳಿಲ್ಲ. ಇದೇ ನಿನ್ ಬಾಗ್ಲು." ನನಗೆ ಆ ಕ್ಷಣ ಅವರ ಮೇಲಿದ್ದ ಸಿಟ್ಟೆಲ್ಲ ಹೋಯಿತು. ಮರ ಕುಯ್ಯುವವರು ಬಂದರು. ಆಚಾರ್ರು ಪಕ್ಕದಲ್ಲಿ ನಿಂತು ಬಾಗಿಲಿನ ದಪ್ಪಕ್ಕೇ ಹಲಗೆ ಕುಯ್ಯಿಸಿ, ಕೊಟ್ಟಿಗೆಯ ನೆರಳಿನಲ್ಲಿ ನಡುವೆ ಗಾಳಿಯಾಡಲು ರೀಪಿನ ಪಟ್ಟಿ ಕೊಟ್ಟು ಪೇರಿಸಿದರು. ಹೋಗುವಾಗ ಹೇಳಿದರು:

"ಈಗ ಗಿಟುಕಾಗ್ಲಿ."

ನಮ್ಮ ಕಡೆ ಕಾಯಿ ಅಟ್ಟದಲ್ಲೇ ಕೂತು ಒಣಗಿ, ಒಳಗಿನ ನೀರೆಲ್ಲ ಇಂಗಿ, ಚಿಪ್ಪು ಬಿಟ್ಟ ಕೊಬ್ಬರಿ ಅಲ್ಲಾಡಿಸಿದರೆ ಗಿಟಕ್ಕೆನ್ನಬೇಕು. ಅದೇ ಗಿಟುಕು. ಬೆಂಕಿ ಹಾಕಿ ಅವಸರ ಮಾಡುವಂತಿಲ್ಲ. ಮರಕ್ಕೂ ಅವರದು ಅದೇ ಲೆಕ್ಕ. ಭಾನುವಾರ ಭಾನುವಾರ ಬರುವರು, ಉಗುರು ಒತ್ತುವರು, ಬೆರಳ ಗೆಣ್ಣಿನಿಂದ ತಟ್ಟುವರು, "ಇನ್ನೂ ನೀರು ಅಲ್ಲಾಡ್ತೈತೆ" ಎಂದು ಎದ್ದು ಹೋಗುವರು. ಬೇಸಿಗೆ ಕಳೆಯಿತು. ಮಳೆ ಬಂತು: "ಮಳೇಲಿ ಕೂರುಸುದ್ ಬಾಗ್ಲು ಬ್ಯಾಸ್ಗೇಲಿ ಸಂದು ಬುಡ್ತೈತೆ." ಮತ್ತೆ ಬೇಸಿಗೆ ಬಂತು. ಇನ್ನೂ ನೀರು ಅಲ್ಲಾಡುತ್ತಿತ್ತು.

"ಆಚಾರ್ರೇ, ನಾನು ಮುದುಕಿ ಆದ್ಮೇಲೆ ಬಾಗಿಲು ಹಾಕ್ತೀರಾ?"

"ಆಗ ಹಾಕುದ್ರೂ ನೆಟ್ಟುಗ್ ಹಾಕ್ತೀನಿ, ಬುಡು."

ಅಷ್ಟರಲ್ಲಿ ತುರುವೇಕೆರೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಬಂದು ಉಪ್ಪಿಟ್ಟು ತಿಂದು, ಪರದೆ ಎತ್ತಿ ನನ್ನ ಕೋಣೆಯನ್ನೂ ನೋಡಿ ಹೋದರು. ಒಪ್ಪಿಗೆ ಎಂದು ಹೇಳಿಕಳಿಸಿದರು. ನನ್ನ ಒಪ್ಪಿಗೆಯ ಮಾತು ಬರಲಿಲ್ಲ. ಅಪ್ಪ ಆಚಾರ್ರನ್ನು ಕರೆಸಿದರು. ನಾನು ಹಜಾರದಲ್ಲಿ ಕಾಲೇಜಿಗೆ ಹೊರಟು ನಿಂತಿದ್ದೆ.

"ಆಚಾರಿ, ಆ ಹಲಸ್ನಲ್ಲಿ ಒಂದು ಮಂಚ ಮಾಡ್ಬುಡು. ಮದ್ವೆಗಾಗ್ಬೇಕು."

"ಅದು ಬಾಗ್ಲಿಗೆ ಕುಯ್ಸಿರೋದು ಗೌಡ್ರೇ."

"ಮದ್ವೆ ಆಗಿ ಹೋಗೋಳಿಗೆ ಇಲ್ಲಿ ಬಾಗ್ಲು ಯಾಕೋ ಮಾರಾಯ?"

"ಅದು ನಂಗೊತ್ತಿಲ್ಲ. ಮಂಚುದ್ ಕಾಲಿಗೆ ಈ ದಪ್ಪ ಸಾಲ್ದು. ಬಾಗ್ಲಿಗೆ ಅಂತ ಆರ್ಸಿದ್ ಮರಾನ ನಾನು ಮಂಚಕ್ಕೆ ಮುಟ್ಟಾಕಿಲ್ಲ."

"ಮರ ನಂದೋ ನಿಂದೋ?"

ಆಚಾರ್ರು ನನ್ನ ಕಡೆ ತಿರುಗಿದರು.

"ನೀನೇಳವ್ವ. ಮಂಚವಾ, ಬಾಗ್ಲಾ?"

ಆ ಸಂಬಂಧ ಬಂದಾಗಿನಿಂದ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದವರು ಇವರೊಬ್ಬರೇ, ಅದೂ ಹಲಗೆಯ ವಿಚಾರಕ್ಕೆ. "ಬಾಗಿಲು" ಎಂದೆ. ಅಪ್ಪ ನನ್ನ ಮುಖ ನೋಡಿದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ತೋಟಕ್ಕೆ ಹೋದರು. ಮುಂದಿನ ವಾರ ಅಪ್ಪ ತುರುವೇಕೆರೆಯವರಿಗೆ ಈಗ ಬೇಡವೆಂದು ಹೇಳಿಕಳಿಸಿದ್ದು ಅಮ್ಮನಿಂದ ತಿಳಿಯಿತು.

ಇನ್ನಾದರೂ ಬಾಗಿಲು ಮಾಡುತ್ತಾರೆ ಎಂದುಕೊಂಡೆ. ಆಚಾರ್ರು ಭಾನುವಾರ ಬಂದು ಹಲಗೆ ತಟ್ಟಿ, "ಇನ್ನೊಂದು ಸುಗ್ಗಿ ಕಳೀಲಿ" ಎಂದರು. ಅವರೊಂದಿಗೆ ನಾನು ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಆ ಸುಗ್ಗಿ ಅವರು ಕಾಣಲಿಲ್ಲ. ಜ್ವರವೆಂದು ಮಲಗಿದವರು ಏಳಲಿಲ್ಲ. ಅವರ ಅಂಗಳದಲ್ಲಿ ಊರೆಲ್ಲ ಸೇರಿತ್ತು, ಹೆಂಗಸರು ಅಳುತ್ತಿದ್ದರು. ನನಗೆ ನಾಲ್ಕು ಜನರ ಮುಂದೆ ಅಳು ಬರುವುದಿಲ್ಲ. ಕಲ್ಲಿನಂತೆ ನಿಂತು ವಾಪಸು ಬಂದೆ.

ಆಮೇಲೆ ತಿಪಟೂರಿನಿಂದ ಬೇರೆ ಬಡಗಿಯನ್ನು ಕರೆಸಿದೆವು. ಅವನು ಹಲಗೆ ತಿರುವಿ ನೋಡಿ, "ಇದು ಒಣಗಿ ವರ್ಷದ ಮೇಲಾಯ್ತಲ್ರೀ. ಯಾತಕ್ ಕಾಯ್ತಿದ್ರಿ?" ಎಂದ. ನಾನು ನೇರ ಆಚಾರ್ರ ಮನೆಗೆ ಹೋದೆ. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು: "ಅವ್ರಿಗೆ ಮರುದ್ ಮ್ಯಾಲೆ ಎಳ್ದ ಗೆರೆ ಕಾಣ್ತಿರ್ನಿಲ್ಲ ಕಣವ್ವ. ಕಣ್ಣು ಮಬ್ಬಾಗೋಗಿತ್ತು. ಯಾರ್‍ಗೂ ಏಳ್ಬ್ಯಾಡ ಅಂದಿದ್ರು. ನಿನ್ ಬಾಗ್ಲು ಕೆಡ್ಸ್‌ಬುಟ್ಟೇನು ಅಂತಿದ್ರು."

ನನಗೆ ಹೇಳಬಹುದಿತ್ತು. ಹಾಸನಕ್ಕೋ ಬೆಂಗಳೂರಿಗೋ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಮಂಚ ಬೇಡವೆಂದದ್ದು ಮರದ ಮೇಲಿನ ಹಟಕ್ಕೋ, ಕಾಣದ ಕಣ್ಣಿಗೆ ಹೆದರಿಯೋ, ನನಗಾಗಿಯೋ, ಇನ್ನು ಯಾರನ್ನು ಕೇಳುವುದು? ಏನಿದ್ದರೂ ಆ ಪ್ರಶ್ನೆಯನ್ನು ನನಗೆ ಕೇಳಿದವರು ಅವರು. ನಾನು ಇಂದಿಗೂ ನನ್ನ ಪಾಡಿಗೆ ನಾನು ಇರುವುದು ಅದರಿಂದ.

ತಿಪಟೂರಿನವನು ಕೆಲಸ ಬೇಗ ಮುಗಿಸಿದ. ಚಿಲಕ ಒಳಗೋ ಹೊರಗೋ ಎಂದು ಕೇಳಿದ. ಒಳಗೆ ಎಂದೆ. ಅವನು ಹೋದ ಮೇಲೆ ಬಾಗಿಲು ಮುಚ್ಚಿ, ಚಿಲಕ ಹಾಕಿ, ಆಚಾರ್ರಿಗಾಗಿ ಅತ್ತೆ.