ಅಪ್ಪನ ಹೊಟ್ಟೆ ಕರಗಿದ ಮೇಲೆ

ನಮ್ಮ ಮನೆಯಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವಳು ನಾನು. ತಾಳ್ಯದ ಹತ್ತಿರದ ನಮ್ಮ ಹಳ್ಳಿಯಿಂದ ಚಿತ್ರದುರ್ಗಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಪಾಸಾದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಓದಿನ ಜಂಬದಲ್ಲೇ ಒಮ್ಮೆ ಅಪ್ಪನನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಅಪ್ಪ ಹೊಳಲ್ಕೆರೆಯ ಮಂಡಿಯೊಂದರಲ್ಲಿ ಚೀಲ ತೂಗುತ್ತಿದ್ದ. ಹರೆಯದಲ್ಲಿ ಚೀಲ ಹೊತ್ತ ಮೈ. ಕೂತು ತೂಗುವ ಕೆಲಸ ಸಿಕ್ಕ ಮೇಲೂ ಮುದ್ದೆ ಮಾತ್ರ ಹೊರುವವನ ಅಳತೆಯದೇ. ಹೊಟ್ಟೆ ಬಂತು, ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬಂತು. ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ, ಜಠರದ ಹಳೆಯ ಹುಣ್ಣು ಅಪ್ಪ ಉಂಡದ್ದನ್ನು ಕೆಳಗಿಳಿಯಗೊಡಲಿಲ್ಲ. ಚಿತ್ರದುರ್ಗದಲ್ಲಿ ಆಪರೇಷನ್ ಮಾಡಿ ಜಠರದ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆದುಹಾಕಿದರು.

ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: "ಇನ್ನು ಸ್ವಲ್ಪ ಸ್ವಲ್ಪ ಉಣ್ಣಬೇಕು. ಸಕ್ಕರೆ ಇಳಿಯಬಹುದು. ಹದಿನೈದು ದಿನಕ್ಕೆ ಬಂದು ರಕ್ತ ತೋರಿಸ್ರಿ, ಸಕ್ಕರೆ ಮಾತ್ರೆ ಕಮ್ಮಿ ಮಾಡಾಣ. ಗೊತ್ತಾಯ್ತೇನಮ್ಮ?"

"ಗೊತ್ತಾಯ್ತು ಸಾರ್, ನಾನು ಬಿ.ಎಸ್ಸಿ." ಎಂದೆ. ನನ್ನ ಓದು ಎಷ್ಟೆಂದು ಅವರು ಕೇಳಿರಲಿಲ್ಲ.

ಹದಿನೈದು ದಿನಕ್ಕೆ ನಾವು ಹೋಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. ಅಲ್ಲದೆ ಮೂತ್ರ ಪರೀಕ್ಷೆ ನನಗೇ ಬರುತ್ತಿತ್ತು. ಪ್ರನಾಳದ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕಾಯಿಸಿದರೆ, ಸಕ್ಕರೆಯಿದ್ದಷ್ಟೂ ಬಣ್ಣ ಹಸಿರು, ಹಳದಿ, ಇಟ್ಟಿಗೆ ಕೆಂಪು ಎಂದು ತಿರುಗುತ್ತದೆ. ಇಲ್ಲದಿದ್ದರೆ ನೀಲಿಯೇ. ಆಪರೇಷನ್ನಿಗೆ ಮೊದಲೆಲ್ಲ ಅಪ್ಪನದು ಇಟ್ಟಿಗೆ ಬಣ್ಣವೇ. ಅದನ್ನು ನೋಡಲು ಅಕ್ಕಪಕ್ಕದವರು ಬಂದು ನಿಲ್ಲುತ್ತಿದ್ದರು.

ಎರಡು ತಿಂಗಳಲ್ಲಿ ಅಪ್ಪನ ಹೊಟ್ಟೆ ಕರಗಿ ಅಂಗಿ ಜೋತಾಡಿತು. ಮಂಡಿಗೆ ಮರಳಿದ ದಿನ ನಾನೂ ಜೊತೆಗಿದ್ದೆ. ಅಪ್ಪನನ್ನು ಮಾವ ಎಂದು ಕರೆಯುತ್ತಿದ್ದ ಹಮಾಲನೊಬ್ಬ ಅವನನ್ನು ಎತ್ತಿ ಚೀಲದ ತಕ್ಕಡಿಯ ಮೇಲೇ ನಿಲ್ಲಿಸಿದ.

"ಹದಿನೆಂಟು ಕೇಜಿ ಕಮ್ಮಿ ಬಂತಲ್ಲೋ ಮಾವ! ಇಷ್ಟು ದಿನ ತೂಕದಾಗೆ ಹೊಡೆದಿದ್ದು ಎಲ್ಲಿ ಕಕ್ಕಿದೆ?"

"ಆಸ್ಪತ್ರ್ಯಾಗೆ ಬಿಟ್ಟು ಬಂದೀನಿ, ಹೋಗಿ ತಗಂಬಾ ಹೋಗು," ಎಂದ ಅಪ್ಪ.

ಎಲ್ಲರೂ ನಕ್ಕರು. ಆಮೇಲೆ ಹಮಾಲ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕ, ಇದು ಆಪರೇಷನ್ನಿಂದಲ್ಲ, ಸಕ್ರೆ ಒಳಗೊಳಗೇ ತಿಂತಾ ಐತೆ. ನಮ್ಮ ದೊಡ್ಡಪ್ಪನೂ ಹಿಂಗೇ ಕರಗಿ ಕರಗಿ ಹೋಗಿದ್ದು."

ನಮ್ಮ ಕಡೆ ಸಕ್ಕರೆಯನ್ನು ಅಳೆಯುವುದು ಹಾಗೆಯೇ: ಕೆನ್ನೆಯ ಮೂಳೆ ಕಂಡರೆ ಜಾಸ್ತಿ, ಮೈ ತುಂಬಿದ್ದರೆ ಕಮ್ಮಿ. ಆ ಮಾತು ನನ್ನ ತಲೆಯಲ್ಲಿ ಕೂತಿತು. ಪಾಠ ಮಾಡುತ್ತಾ ಮಧ್ಯದಲ್ಲಿ ನಿಲ್ಲಿಸಿಬಿಡುತ್ತಿದ್ದೆ. ಒಂದು ಸಂಜೆ ದ್ರಾವಣ ಕಾಯಿಸಿದೆ. ನೀಲಿ. ಮತ್ತೆ ಕಾಯಿಸಿದೆ. ನೀಲಿಯೇ. ಎದುರಿಗೆ ಕೂತ ಅಪ್ಪನ ಕತ್ತಿನ ಮೂಳೆ ನೋಡಿದೆ. ದ್ರಾವಣ ಹಳತಾಗಿ ಕೆಟ್ಟಿದೆ ಎಂದು ತೀರ್ಮಾನಿಸಿ ಬಚ್ಚಲಿಗೆ ಚೆಲ್ಲಿದೆ. ಬೆಳಗಿನ ಒಂದು ಮಾತ್ರೆಯನ್ನು ಎರಡು ಮಾಡಿದೆ. ಮನೆಯಲ್ಲಿ ಯಾರೂ ಯಾಕೆ ಎನ್ನಲಿಲ್ಲ. ನಾನು ಓದಿದವಳು.

ಮೂರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಮಂಡಿಯಿಂದ ಶಾಲೆಗೆ ಕರೆ ಬಂತು. ಓಡಿದೆ. ಅಪ್ಪ ಚೀಲಗಳ ಮೇಲೆ ಒರಗಿ ಬೆವರಿನಲ್ಲಿ ತೊಯ್ದು ನಡುಗುತ್ತಿದ್ದ. "ಯಾರವ್ವ ನೀನು? ತೂಕ ಆಗಿಲ್ಲ, ಚೀಲ ಮುಟ್ಬ್ಯಾಡ್ರಿ," ಎಂದು ನನ್ನ ಕೈಯನ್ನೇ ತಳ್ಳಿದ. ಹಮಾಲ ಟೀ ಲೋಟ ಹಿಡಿದು ಬಾಯಿಯ ಹತ್ತಿರ ತಂದಿದ್ದ. ನಾನು ಕಿತ್ತುಕೊಂಡೆ. "ಸಕ್ರೆ ಕೊಡ್ಬ್ಯಾಡ್ರಿ! ಮೊದ್ಲೇ ಜಾಸ್ತಿ ಆಗೈತೆ!"

ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಮಂಡಿಯ ಹಿಂದಿನ ಬೀದಿಯಲ್ಲೇ ಇದ್ದ ನರ್ಸಿಂಗ್ ಹೋಮಿಗೆ ಹೊತ್ತೊಯ್ದೆವು. ಅಲ್ಲಿನ ಡಾಕ್ಟರು ಬೆರಳಿಗೆ ಚುಚ್ಚಿ ನೋಡಿದವರೇ, ಸಕ್ಕರೆ ತೀರಾ ಕೆಳಗಿಳಿದಿದೆ ಎಂದು ನರಕ್ಕೆ ಗ್ಲೂಕೋಸ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಅಪ್ಪ ನನ್ನ ಗುರುತು ಹಿಡಿದ. ಮಾತ್ರೆ ಎಷ್ಟು ಎಂದು ಡಾಕ್ಟರು ಕೇಳಿದರು. ಹೇಳಿದೆ.

"ಎರಡು ಅಂತ ಯಾರು ಬರೆದಿದ್ದು?"

"ಯಾರೂ ಬರೆದಿಲ್ಲ ಸಾರ್. ನಾನೇ ಮಾಡಿದ್ದು. ಅಷ್ಟು ಸಣ್ಣ ಆಗಿದ್ರಲ್ಲ ಅಂತ..."

"ಊಟ ಕಮ್ಮಿ ಆಯ್ತು, ಬೊಜ್ಜು ಹೋಯ್ತು, ಅದಕ್ಕೇ ಸಕ್ಕರೇನೂ ಇಳೀತಮ್ಮ. ಆ ಮೈಗೆ ಕೊಟ್ಟ ಮಾತ್ರೇನ ಈ ಮೈಗೆ ಎರಡೆರಡು ನುಂಗ್ಸಿದೀಯಲ್ಲ!"

ಮಾತ್ರೆಯ ಪ್ರಭಾವ ಇಳಿಯುವವರೆಗೆ ಎರಡು ದಿನ ಅಲ್ಲೇ ಇಟ್ಟುಕೊಂಡರು. ನಾನು ಗಳಿಗೆಗೊಮ್ಮೆ ಎದ್ದು ಅಪ್ಪನ ಹಣೆ ಮುಟ್ಟುತ್ತಿದ್ದೆ, ಬೆವರಿದೆಯೇ ಎಂದು. "ಕುಂತ್ಕ ಸುಮ್ನೆ, ನನಗೇ ತಲೆ ತಿರುಗ್ತೈತೆ," ಎಂದು ಗದರಿದ. ಬಿಡುಗಡೆಯ ದಿನ ಡಾಕ್ಟರು ಮಾತ್ರೆ ಪೂರ್ತಿ ನಿಲ್ಲಿಸಿದರು. ಹೊಟ್ಟೆ ಮತ್ತೆ ಬಂದರೆ ಸಕ್ಕರೆಯೂ ಬರಬಹುದು, ತಿಂಗಳಿಗೊಮ್ಮೆ ರಕ್ತ ತೋರಿಸಿ ಎಂದರು.

ಬಸ್ಸಿಗೆ ಕಾಯುವಾಗ ಹೇಳಿದೆ, "ಅಪ್ಪ, ತಪ್ಪು ನಂದು."

"ಗೊತ್ತು ಕಣವ್ವ. ಮಂದಿ ಮುಂದೆ ಆಡಬ್ಯಾಡ. ಮಗಳು ಬಿ.ಎಸ್ಸಿ. ಅಂತ ಮಂಡಿ ತುಂಬಾ ಹೇಳ್ಕಂಡು ತಿರುಗೀನಿ."

ನಾನು ಆಡಿದೆ. ಮಾರನೆಯ ದಿನವೇ ಮಂಡಿಗೆ ಹೋಗಿ, ಟೀ ಲೋಟ ಹಿಡಿದಿದ್ದ ಆ ಹಮಾಲನಿಗೆ, ಉಳಿದವರೂ ಕೇಳುವಂತೆ, ನಡೆದದ್ದನ್ನೆಲ್ಲ ಹೇಳಿದೆ. ಅವರ ಮನೆಗಳಲ್ಲೂ ಸಕ್ಕರೆಯವರಿದ್ದರು. ಕೆನ್ನೆ ನೋಡಿ ಮಾತ್ರೆ ನುಂಗಿಸುವವರೂ ಇದ್ದರು.

ಅದು ಕಿವಿಗೆ ಬಿದ್ದು ಅಪ್ಪ ವಾರವಿಡೀ ನನ್ನೊಂದಿಗೆ ಮಾತು ಬಿಟ್ಟ. ಎದುರಿಗೇ ಕೂತು, ಮುಖ ಗಂಟು ಹಾಕಿಕೊಂಡು, ನಿಂಬೆ ಗಾತ್ರದ ಮುದ್ದೆಯನ್ನು ಮುರಿದು ಮುರಿದು ನುಂಗುತ್ತಿದ್ದ. ನಾನು ಒಂದೊಂದು ತುತ್ತನ್ನೂ ನೋಡುತ್ತಾ ಕೂತಿರುತ್ತಿದ್ದೆ.